ಹಿತ್ತಲ ಮರಕ್ಕೆ ಹೆಸರು ಹೇಳಿದವರು

ಅವರೆಕಾಳು ಹಿದುಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಸಿಪ್ಪೆ ಬಿಟ್ಟು ಬೇಳೆ ಪಾತ್ರೆಗೆ ಹಾರುತ್ತಿತ್ತು. ಈ ವರ್ಷ ಸೊಗಡೂ ಇದೆ, ಹುಳುವೂ ಕಡಿಮೆ, ಅದೂ ಒಂದು ಪುಣ್ಯವೇ ಎಂದುಕೊಳ್ಳುವಷ್ಟರಲ್ಲಿ ಫೋನು ಬಂತು. ಕೈಯೆಲ್ಲ ಲೋಳೆ. ಕಿರುಬೆರಳಲ್ಲಿ ಸ್ಪೀಕರ್ ಒತ್ತಿದೆ. ಹಿಂದಿನ ಬೀದಿಯ ಟೀಚರ್ ಅವರ ತಮ್ಮನ ಹೆಂಡತಿ.

"ಅಕ್ಕಾ, ನಮ್ಮ ಅತ್ತಿಗೆ ಹೋಗ್ಬಿಟ್ರು ಕಣಕ್ಕ. ಕಾಫಿ ಕುಡಿದ್ರು, ಪೇಪರ್ ತಗೊಂಡು ಕೂತ್ರು, ಅಷ್ಟೆ."

ನನ್ನ ಬಾಯಿಂದ ಬಂದ ಮಾತು, "ಪೇಪರ್ ಓದಿದ್ರಾ?"

"ಓದ್ತಾನೇ ಇದ್ರು. ಕನ್ನಡಕ ಮೂಗಿನ ಮೇಲೇ ಇತ್ತು."

ಆಸ್ಪತ್ರೆಯಿಲ್ಲ, ಸೂಜಿಯಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಓದುತ್ತಿರುವಾಗಲೇ ದೇವರು ಕರೆದುಕೊಂಡ. ಅವರಿಗೆ ಅಷ್ಟು ಕೊಟ್ಟ. ಗುಡಿಯ ಒಳಗೆ ಬಾರದೆ ಹೊರಗೇ ನಿಲ್ಲುತ್ತಿದ್ದ ಹೆಂಗಸಿಗೂ ಕೊಟ್ಟನಲ್ಲ, ಅದು ಅವನ ದೊಡ್ಡತನ.

ಹುಣಸಮಾರನಹಳ್ಳಿಯ ನಮ್ಮ ಬೀದಿಯಲ್ಲಿ ಅವರಿಗೆ ಹೆಸರೇ ಇರಲಿಲ್ಲ. ಟೀಚರ್ ಎಂದರೆ ಅವರು ಒಬ್ಬರೇ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಮದುವೆಯಾಗಲಿಲ್ಲ, ತಮ್ಮನ ಮನೆಯ ಮೇಲಿನ ಕೋಣೆಯಲ್ಲಿದ್ದರು. ಕುಳ್ಳು ಆಳು, ನೂಲಿನ ಸೀರೆ, ಬಿಸಿಲಿಗೂ ಮಳೆಗೂ ಒಂದೇ ಕಪ್ಪು ಕೊಡೆ. ಯಾರ ಮನೆಯಲ್ಲಿ ಕಾಫಿ ಕುಡಿದರೂ ಲೋಟ ತಾವೇ ತೊಳೆದು ಬೋರಲು ಹಾಕಿ ಬರುತ್ತಿದ್ದರು. ಬೇಡ ಎಂದರೆ, "ನಾನು ಕುಡಿದದ್ದಕ್ಕೆ ನಿಮಗ್ಯಾಕಮ್ಮ ಶಿಕ್ಷೆ?" ಎನ್ನುತ್ತಿದ್ದರು.

ಶಿಕ್ಷೆ ಎಂದಾಗ ನೆನಪಾಯಿತು. ನನಗೆ ಅವರ ಪರಿಚಯವಾದದ್ದೇ ಅದರಿಂದ. ನನ್ನ ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಮನೆಗೆ ಬಂದವನೇ ಚೀಲವನ್ನೂ ಇಳಿಸದೆ ಕೇಳಿದ, "ಅಮ್ಮಾ, ಬಸ್ಕಿ ಅನ್ನೋ ಪದ ಎಲ್ಲಿಂದ ಬಂತು?" ಕ್ಲಾಸಿನಲ್ಲಿ ಮಾತಾಡಿ ಸಿಕ್ಕಿಬಿದ್ದಿದ್ದನಂತೆ. ಬೇರೆ ಮೇಷ್ಟ್ರಾದರೆ ಇಪ್ಪತ್ತು ಬಸ್ಕಿ ಹೊಡೆಸುತ್ತಿದ್ದರು. ಇವರು ಬಸ್ಕಿ ಎಂಬ ಮಾತಿನ ಊರು ಯಾವುದೆಂದು ಕೇಳಿಕೊಂಡು ಬಾ ಎಂದು ಕಳಿಸಿದ್ದರು. ಅವನು ನನ್ನ ಕೇಳಿದ, ಅಪ್ಪನ ಕೇಳಿದ, ಅಂಗಡಿಯವರ ಕೇಳಿದ, ಕೊನೆಗೆ ಅಜ್ಜಿಯನ್ನು ಕೇಳಿ ಬೈಸಿಕೊಂಡ. ರಾತ್ರಿ ಊಟಕ್ಕೆ ಕೂತಾಗ, "ಬಸ್ಕೀನೇ ವಾಸಿಯಾಗಿತ್ತು" ಎಂದು ಅತ್ತೇಬಿಟ್ಟ.

ನನಗೆ ಸಿಟ್ಟು. ಮರುದಿನ ಶಾಲೆಗೆ ಹೋಗಿ ಕೇಳಿಯೇ ಬಿಟ್ಟೆ, "ಏನ್ ಟೀಚರ್, ಮಗೂನ ಇಷ್ಟು ಗೋಳು ಹುಯ್ಕೋತೀರಾ?"

ಅವರು ನಗಲೂ ಇಲ್ಲ, ಬೇಜಾರೂ ಆಗಲಿಲ್ಲ. "ಮರಾಠಿ ಕಡೆಯಿಂದ ಬಂದಿರಬೇಕು ಕಣಮ್ಮ. ಅಲ್ಲಿ 'ಬಸ್' ಅಂದ್ರೆ ಕೂತ್ಕೋ ಅಂತ. ನನಗೂ ಪೂರ್ತಿ ಖಾತ್ರಿ ಇಲ್ಲ. ನಿಮ್ಮ ಹುಡುಗ ಎಷ್ಟು ಜನರನ್ನ ಕೇಳ್ದ?" ಎಂದರು. ನಾಲ್ಕು ಜನ ಎಂದೆ. "ಸಾಕು. ಮಾತಾಡೋಕೆ ಇಷ್ಟ ಇರೋನಿಗೆ ಮಾತಾಡೋ ಕೆಲಸಾನೇ ಕೊಟ್ಟಿದ್ದೀನಿ." ಸಿಟ್ಟು ಮಾಡಿಕೊಂಡು ಹೋದವಳು ಅವರಿಗೆ ಒಂದು ಕಟ್ಟು ದಂಟಿನ ಸೊಪ್ಪು ಕೊಡುವುದಾಗಿ ಹೇಳಿ ಬಂದೆ.

ಶನಿವಾರ ಆಂಜನೇಯನ ಗುಡಿಗೆ ನನ್ನ ಜೊತೆ ಬರುವುದು ರೂಢಿಯಾಯಿತು. ಬರುತ್ತಿದ್ದರು ಅಷ್ಟೆ, ಒಳಗೆ ಬರುತ್ತಿರಲಿಲ್ಲ. "ನೀವು ಒಳಗೆ ಕೇಳ್ಕೊಳ್ಳಿ. ನಾನು ಹೊರಗೆ ಓದ್ಕೋತೀನಿ" ಎಂದು ಗೋಡೆಗೆ ಒರಗಿಸಿದ್ದ ಒಂದು ಹಳೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅದಕ್ಕೆ ಯಾರೋ ಪ್ರತಿ ಹಬ್ಬಕ್ಕೂ ಸುಣ್ಣ ಬಳಿಯುತ್ತಿದ್ದರು. ಇವರು ಒದ್ದೆ ಬಟ್ಟೆ ತಂದು ವಾರಕ್ಕೊಂದು ಗೇಣು ಒರೆಸುತ್ತಿದ್ದರು. ಪೂಜಾರಪ್ಪನವರು ಗೊಣಗಿದರೆ, "ಸ್ವಾಮಿ, ನಿಮ್ಮ ದೇವರಿಗೆ ದಿನಾ ಸ್ನಾನ. ಈ ಪುಣ್ಯಾತ್ಮನಿಗೆ ವಾರಕ್ಕೊಂದು ಬೇಡ್ವೇ?" ಎನ್ನುವರು. ಕತ್ತಿ ಹಿಡಿದ ಒಬ್ಬ ಗಂಡಸು, ಹಿಂದೆ ಮೂರ್ನಾಲ್ಕು ದನ, ಅಷ್ಟು ಕಾಣಿಸಿತು. ನನಗೂ ತೋರಿಸಿದರು. "ತುರುಗೋಳು. ತುರು ಅಂದ್ರೆ ದನ. ಕೋಳು ಅಂದ್ರೆ ಹಿಡಿಯೋದು, ಕಿತ್ಕೊಂಡು ಹೋಗೋದು. ದನ ಹಿಡ್ಕೊಂಡು ಹೋಗೋರಿಗೆ ಅಡ್ಡ ನಿಂತು ಸತ್ತೋನು ಇವನು." ನಾನು ಅವನಿಗೂ ಒಂದು ಹೂವಿಟ್ಟು ಬಂದೆ. ಅಡ್ಡ ನಿಲ್ಲುವವರು ಸುಲಭಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲ ಒಳ್ಳೆಯದು ಬರೆದು ಅವರ ದೋಷ ಬಿಟ್ಟರೆ ತಪ್ಪಾಗುತ್ತದೆ. ಒಂದು ಮಾತು ಸಿಕ್ಕಿತೆಂದರೆ ಟೀಚರ್‌ಗೆ ಎದುರಿಗೆ ಯಾರಿದ್ದಾರೆ, ಏನು ಸಂದರ್ಭ, ಯಾವುದೂ ಕಾಣಿಸುತ್ತಿರಲಿಲ್ಲ. ಆ ಗುಣವೇ ನಾಲ್ಕು ವರ್ಷದ ಹಿಂದೆ ನನ್ನ ಮಗನ ಮದುವೆಯನ್ನು ನಿಲ್ಲಿಸುವ ಮಟ್ಟಕ್ಕೆ ಬಂತು.

ನಮ್ಮ ಹಿತ್ತಲ ಬಾಗಿಲ ಪಕ್ಕ ಒಂದು ಮರದ ದಿಮ್ಮಿ ಅಡ್ಡ ಮಲಗಿದೆ. ಒಂದಾಳುದ್ದ, ಎರಡು ಗೇಣು ಅಗಲ, ಕಬ್ಬಿಣದ ಹಾಗೆ ಕಪ್ಪಗೆ. ಅದರ ಮೇಲ್ಭಾಗದಲ್ಲಿ ಅಕ್ಕಪಕ್ಕ ಎರಡು ಅರ್ಧಚಂದ್ರದ ಕಚ್ಚು. ಒಳಗೆ ಕೈಯಾಡಿಸಿದರೆ ನುಣ್ಣಗೆ, ಒರಳಿನ ಗುಂಡಿಯಷ್ಟು ನುಣ್ಣಗೆ. ನಮ್ಮ ಮನೆಯಲ್ಲಿ ಅದಕ್ಕೆ 'ಪಾದದ ಮರ' ಎನ್ನುತ್ತಿದ್ದರು. ಆ ಎರಡು ಕಚ್ಚು ಲಕ್ಷ್ಮಿಯ ಪಾದ ಊರಿದ ಜಾಗ ಎಂದು ನಮ್ಮೆಲ್ಲರ ನಂಬಿಕೆ. ಪ್ರತಿ ಶುಕ್ರವಾರ ಅರಿಸಿನ ಕುಂಕುಮ. ಮನೆಗೆ ಸೊಸೆ ಬಂದರೆ ಮೊದಲು ಹಿತ್ತಲಿಗೆ ಕರೆದೊಯ್ದು ಬಲಗಾಲನ್ನು ಆ ಕಚ್ಚಿನಲ್ಲಿ ಇಡಿಸಿ, ಆಮೇಲೆ ಒಳಗೆ ಕರೆದುಕೊಳ್ಳುವುದು ಶಾಸ್ತ್ರ. ನಾನೂ ಇಟ್ಟವಳೇ. ಇಪ್ಪತ್ತೆಂಟು ವರ್ಷ ಆ ಮರಕ್ಕೆ ಕುಂಕುಮ ಹಚ್ಚಿದ್ದೇನೆ.

ಮಗನಿಗೆ ದೊಡ್ಡಬಳ್ಳಾಪುರದ ಹುಡುಗಿ ಗೊತ್ತಾಗಿತ್ತು. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಚುರುಕು ಹುಡುಗಿ. ಹುಡುಗಿ ಕಡೆಯವರು ಮನೆ ನೋಡಲು ಬಂದರು. ಹತ್ತು ಜನಕ್ಕೆ ಅಡುಗೆ ಮಾಡಿದ್ದೆ. ಮಗನಿಗೆ ಅಕ್ಷರ ಕಲಿಸಿದವರು ಎಂದು ಟೀಚರನ್ನೂ ಕರೆದಿದ್ದೆ. ಊಟ ಚೆನ್ನಾಗಿ ಆಯಿತು. ಟೀಚರ್ ಕೈ ತೊಳೆಯಲು ಹಿತ್ತಲಿಗೆ ಹೋದರು. ಅಷ್ಟು ವರ್ಷ ಬಂದು ಹೋಗಿದ್ದರೂ ಆ ಕಚ್ಚು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಶುಕ್ರವಾರದ ಪೂಜೆಯ ಹೊತ್ತು ಬಿಟ್ಟರೆ ಮರದ ಮೇಲೆ ಯಾವಾಗಲೂ ಬಿಂದಿಗೆ, ಬಕೆಟ್ಟು ಇರುತ್ತಿದ್ದವು. ಅವತ್ತು ಬೀಗರಿಗೆಂದು ತೊಳೆದು, ಒರೆಸಿ, ರಂಗೋಲಿ ಬಿಟ್ಟಿದ್ದೆ.

"ಅಯ್ಯೋ! ಕೋಳ!" ಎಂದು ಕೂಗಿದರು. ಹಾವು ಕಂಡವರ ಕೂಗಲ್ಲ, ತವರಿನವರು ಸಿಕ್ಕ ಕೂಗು. "ಬನ್ನೀಮ್ಮ, ಬನ್ನಿ, ಎಲ್ರೂ ನೋಡಿ! ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡಿರ್ಲಿಲ್ಲ!"

ಎಲ್ಲರೂ ಬಂದರು. ಹುಡುಗಿಯ ತಾಯಿ ಮುಂದೆಯೇ ನಿಂತಿದ್ದರು. "ಕೋಳ ಅಂದ್ರೇನ್ರೀ?" ಎಂದರು.

ಟೀಚರ್ ನೆಲದ ಮೇಲೆ ಕೂತೇಬಿಟ್ಟರು. "ಹಿಂದೆ ಜೈಲು ಎಲ್ಲಿತ್ತಮ್ಮ ಹಳ್ಳಿಗಳಲ್ಲಿ? ತಪ್ಪು ಮಾಡಿದೋನನ್ನ ಚಾವಡಿಗೆ ತಂದು ಕೂರಿಸಿ, ಕಾಲು ಎರಡೂ ಇದರಲ್ಲಿ ಇಡಿಸೋರು. ಮೇಲೆ ಇಂಥದ್ದೇ ಇನ್ನೊಂದು ಹೋಳು ಮುಚ್ಚಿ ಬೆಣೆ ಜಡಿಯೋದು. ಏಳೋ ಹಾಗಿಲ್ಲ, ಮಲಗೋ ಹಾಗಿಲ್ಲ. ಬಿಸಿಲಾದ್ರೂ ಅಲ್ಲೇ, ಮಳೆಯಾದ್ರೂ ಅಲ್ಲೇ. ಇದು ಕೆಳಗಿನ ಹೋಳು. ನೋಡಿ, ಎಷ್ಟು ಕಾಲು ಉಜ್ಜಿದ್ರೆ ಇಷ್ಟು ನುಣ್ಣಗಾಗಿರಬೇಕು!" ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮಾತಿನ ಬೇರಿಗೆ ಇಳಿದರು. "ಕೆಡು ಅನ್ನೋದರಿಂದ ಕೇಡು. ಪಡು ಅನ್ನೋದರಿಂದ ಪಾಡು. ಹಾಗೇ ಕೊಳ್ಳು ಅನ್ನೋದರಿಂದ ಕೋಳು, ಕೋಳ. ಹಿಡ್ಕೊಳ್ಳೋ ಮರ ಅಂತ. ಕೈಗೆ ಹಾಕೋ ಕೈಕೋಳ ಈಗ್ಲೂ ಪೊಲೀಸರ ಹತ್ರ ಇದೆಯಲ್ಲ, ಅದೇ ಕೋಳ. ಕಾಲಿಂದನ್ನ ಮಾತ್ರ ಮರೆತೇಬಿಟ್ವಿ."

ಪಾಠ ಚೆನ್ನಾಗಿತ್ತು. ಕೇಳುವವರ ಮುಖ ಚೆನ್ನಾಗಿರಲಿಲ್ಲ. ಸೊಸೆ ಕಾಲಿಡುವ ಶಾಸ್ತ್ರವನ್ನು ಊಟಕ್ಕೆ ಮುಂಚೆ ನಾನೇ ಹೆಮ್ಮೆಯಿಂದ ಹೇಳಿ ಮುಗಿಸಿದ್ದೆ.

ಹುಡುಗಿಯ ತಾಯಿ ನನ್ನ ಕಡೆ ತಿರುಗಿದರು. "ಅಂದ್ರೆ ನಮ್ಮ ಹುಡುಗಿ ಕಾಲನ್ನ ಕಳ್ಳರಿಗೆ ಹಾಕೋ ಮರಕ್ಕೆ ಹಾಕ್ತೀರಾ? ಮನೆಗೆ ಬಂದ ದಿನಾನೇ?"

ಒಳಗೆ ಕರೆದು ಎಲೆ ಅಡಿಕೆ ಮುಂದಿಟ್ಟೆ. ಅದನ್ನು ತಟ್ಟೆಯಲ್ಲೇ ಬಿಟ್ಟು ಎಲ್ಲರೂ ಹೊರಟರು. ಮರುದಿನ ಫೋನು ಮಾಡಿ, ಆ ಮರ ಮನೆಯಿಂದ ಹೊರಗೆ ಹೋದರೆ ಮುಂದಿನ ಮಾತು, ಇಲ್ಲವಾದರೆ ಯೋಚನೆ ಮಾಡಬೇಕಾಗುತ್ತದೆ ಎಂದರು. ನಮ್ಮ ಯಜಮಾನರು, "ಒಂದು ಮರದ ತುಂಡಿಗೆ ಇಷ್ಟ್ಯಾಕೆ, ತೆಗೆಸಿ ಎಸೆದ್ರಾಯ್ತು" ಎಂದರು. ಇದನ್ನು ಕೇಳಿಸಿಕೊಂಡ ನಮ್ಮ ಅತ್ತೆ, ಎಂಬತ್ತು ದಾಟಿದವರು, ಜಗಲಿಯಿಂದಲೇ ಹೇಳಿದರು, "ಎಸೀರಿ, ಎಸೀರಿ. ಅದ್ರ ಇಂದೇನೇ ನನ್ನೂ ಎಸೀರಿ. ಆ ಸಾಸ್ತ್ರ ಇಲ್ದೆ ಬಂದ ಎಣ್ಣಿಗೆ ನಾನ್ ಅಕ್ಸತೆ ಆಕಾಕಿಲ್ಲ."

ಹಿರಿಯರ ಅಕ್ಷತೆಯಿಲ್ಲದ ಮದುವೆಯನ್ನು ನಾನು ಮಾಡುವವಳಲ್ಲ. ಹೆಣ್ಣು ಕೊಡುವ ತಾಯಿ ಅಂಜಿಕೊಂಡು ಕೊಡುವ ಮದುವೆಯನ್ನೂ ಮಾಡುವವಳಲ್ಲ. ಮಗ ಊಟ ಬಿಟ್ಟ. ಹದಿನೈದು ದಿನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಶುಕ್ರವಾರ ಬಂದಾಗ ಕುಂಕುಮದ ಬಟ್ಟಲು ಹಿಡಿದು ಹಿತ್ತಲಿಗೆ ಹೋದೆ, ಆ ಮರದ ಮುಂದೆ ನಿಂತೆ, ಹಚ್ಚಲು ಕೈ ಏಳಲಿಲ್ಲ. ಇಪ್ಪತ್ತೆಂಟು ವರ್ಷದ ಪೂಜೆ ಎಲ್ಲಿಗೆ ಹೋಯಿತು? ಲಕ್ಷ್ಮಿಗೆ ಮುಟ್ಟಿತೋ, ಯಾವನೋ ಕಳ್ಳನಿಗೆ ಮುಟ್ಟಿತೋ? ಟೀಚರ್ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೀದಿಯಲ್ಲಿ ಎದುರಾದರೂ ತಲೆ ತಗ್ಗಿಸಿ ಹೋದೆ.

ಅವರೇ ಬಂದರು. ಮಧ್ಯಾಹ್ನದ ಹೊತ್ತು. ಕೊಡೆ ಮಡಿಚಿ ಬಾಗಿಲ ಮೂಲೆಗೆ ಒರಗಿಸಿದರು. ನಾನು ಬನ್ನಿ ಎನ್ನಲಿಲ್ಲ, ಕಾಫಿಗೂ ಇಡಲಿಲ್ಲ. ಹಾಗೆ ನಾನು ಯಾರಿಗೂ ಮಾಡಿದವಳಲ್ಲ, ಅವತ್ತು ಮಾಡಿದೆ.

"ಬೈದ್ಬಿಡಿ. ಅದೊಂದು ಬಾಕಿ ಇದೆ" ಎಂದರು.

"ಬೈಯೋಕೆ ಏನಿದೆ ಟೀಚರ್? ನೀವು ನಿಜಾನೇ ಹೇಳಿದ್ರಿ. ಇಪ್ಪತ್ತೆಂಟು ವರ್ಷ ಕಳ್ಳರ ಕಾಲಿಗೆ ಕುಂಕುಮ ಇಟ್ಟೋಳು ನಾನು."

"ಕಳ್ಳರದ್ದೇ ಅಂತ ಯಾರು ಹೇಳಿದ್ರು? ನಾನು ಹೇಳ್ಲಿಲ್ಲ. ಗೌಡನಿಗೆ ಎದುರು ಮಾತಾಡಿದೋನೂ ಕೂತಿರ್ತಾನೆ. ಹಸಿದು ಒಂದು ಕುಂಬಳಕಾಯಿ ಕಿತ್ತೋನೂ ಕೂತಿರ್ತಾನೆ. ಏನೂ ಮಾಡದೋನೂ ಕೂತಿರ್ತಾನೆ. ಅಂಥೋರ ಕಾಲಿಗೆ ನೀವು ಕುಂಕುಮ ಇಟ್ಟಿದ್ರೆ ಲಕ್ಷ್ಮಿ ಬೇಜಾರು ಮಾಡ್ಕೋತಾಳಾ? ಅದು ನಿಮಗೇ ಗೊತ್ತಿರೋದು, ನಾನು ಗುಡಿ ಒಳಗೆ ಬರೋಳಲ್ಲ."

ನನ್ನ ಎದೆಯ ಮೇಲಿದ್ದ ಒಂದು ಕಲ್ಲು ಸ್ವಲ್ಪ ಅಲುಗಿತು.

ಅವರು ಜಗಲಿಗೆ ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತರು. ಅತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದರು. "ಅಜ್ಜಿ, ಆ ಕಾಲಿಡೋ ಶಾಸ್ತ್ರ ಹೆಂಗೆ ಮಾಡ್ತಿದ್ರಿ? ಮೊದಲಿಂದ ಹೇಳಿ."

ಅತ್ತೆ ತಲೆಯೆತ್ತಲಿಲ್ಲ. "ಯಾಕೆ, ಇನ್ನೊಂದ್ ಮದ್ವೆ ಮುರಿಯಾಕಾ?"

"ಇದನ್ನೇ ಕಟ್ಟೋಕಾಗುತ್ತಾ ನೋಡೋಣ ಅಂತ."

ಅತ್ತೆ ಕುಟ್ಟುವುದನ್ನು ನಿಲ್ಲಿಸಿದರು. ಅವರನ್ನು ಯಾರೂ ಯಾವುದನ್ನೂ ಮೊದಲಿಂದ ಹೇಳಿ ಎಂದು ಕೇಳಿರಲಿಲ್ಲ. ನಾನು ಅವರಿಗೆ ಊಟ ಹಾಕಿದ್ದೇನೆ, ಮಾತ್ರೆ ಕೊಟ್ಟಿದ್ದೇನೆ, ಎಣ್ಣೆ ನೀರು ಹಾಕಿದ್ದೇನೆ. ಕೇಳಿರಲಿಲ್ಲ.

"ನಮ್ ಮಾವನ ತಾತ ಚಾವ್ಡಿ ಕಾಯೋನಂತೆ. ಚಾವ್ಡಿ ಬಿದ್ದೋದಾಗ ಯಾರೋ ಎಂಚು ತಗಂಡ್ರು, ಯಾರೋ ಬಾಗ್ಲು ತಗಂಡ್ರು. ಇವ್ನ ಪಾಲಿಗೆ ಈ ಮರ ಬಂತು. ಸೌದೆ ಮಾಡಾನ ಅಂತ ಕೊಡ್ಲಿ ಎತ್ತಿದ್ನಂತೆ. ಅವ್ನ ಎಂಡ್ತಿ ಬಿಡ್ನಿಲ್ಲ. 'ಇದ್ರಾಗೆ ಕೂತು ಅತ್ತೋರ್ಗೆ ಕೂಳು ನೀರು ಕೊಟ್ಟೋಳು ನಾನು. ನಿನ್ಗೇನ್ ಗೊತ್ತು' ಅಂದ್ಲಂತೆ. ಇತ್ಲಿಗೆ ತಂದು ಇಕ್ಸಿದ್ಲು. ಅಷ್ಟೇ ನಾನ್ ಕೇಳಿರಾದು."

"ಶಾಸ್ತ್ರ?"

"ಒಸ ಎಣ್ಣು ಬಲಗಾಲ್ ಅದ್ರಾಗಿಡ್ಬೇಕು. ಇಟ್ಟು ಸುಮ್ಕೆ ನಿಂತ್ಕಬೇಕು. ತಾನೇ ತೆಗಿಯಂಗಿಲ್ಲ."

"ಮತ್ತೆ ಯಾರು ತೆಗೀಬೇಕು?"

"ಅತ್ತೆ. ಅತ್ತೆ ಆದೋಳು ಬಗ್ಗಿ, ಎರಡೂ ಕೈಯಾಗೆ ಆ ಕಾಲ್ ಇಡ್ದು ಎತ್ತಿ ಈಚಿಗಿಡ್ಬೇಕು. 'ಇಡ್ದಿದ್ದು ಬಿಡ್ತು ಕಣವ್ವಾ' ಅನ್ಬೇಕು. ಆಮ್ಯಾಕೆ ಒಳಿಕ್ ಕರ್ಕಂಡೋಗಾದು."

ಟೀಚರ್ ಅತ್ತೆಯ ಹತ್ತಿರಕ್ಕೆ ಸರಿದರು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಹೇಳಿ ಅಜ್ಜಿ" ಎಂದರು.

"ಇಡ್ದಿದ್ದು ಬಿಡ್ತು ಕಣವ್ವಾ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಆ ಮಾತನ್ನು ಅದೇ ಮೊದಲು ಕೇಳಿದ್ದು. ನನ್ನ ಮದುವೆಯ ದಿನ ಕಣ್ಣ ಮುಂದೆ ಬಂತು. ಹಿತ್ತಲಲ್ಲಿ ಹೆಂಗಸರ ಗುಂಪು. ಯಜಮಾನರ ಸೋದರತ್ತೆ ಯಜಮಾನಿಕೆ ಮಾಡುತ್ತಿದ್ದರು. "ಇಟ್ಯಾ? ಸರಿ ಸರಿ, ತೆಗಿ, ಹೊತ್ತಾಯ್ತು" ಎಂದಿದ್ದರು. ನನ್ನ ಕಾಲನ್ನು ನಾನೇ ತೆಗೆದುಕೊಂಡಿದ್ದೆ.

"ನನಗೆ ಯಾರೂ ಎತ್ತಲಿಲ್ವಲ್ಲ ಅತ್ತೆ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

"ನನ್ನ ಎಲ್ಲಿ ಬಿಟ್ರು?" ಎಂದರು ಅತ್ತೆ. "ನಿಮ್ಮಾವ ಓಗಿ ಎರಡ್ ವರ್ಸ ಆಗಿತ್ತು. ಗಂಡ ಸತ್ತೋಳು ಒಸ ಎಣ್ಣಿನ ಮೈ ಮುಟ್ಬಾರ್ದು ಅಂದ್ರು. ಉಗ್ರಾಣದಾಗೆ ಕೂತಿದ್ದೆ. ನಿನ್ ಗೆಜ್ಜೆ ಸಪ್ಳ ಕೇಳ್ದೆ, ಅಷ್ಟೆ."

ಟೀಚರ್ ನನ್ನ ಕಡೆ ನೋಡಿದರು. "ನೋಡಮ್ಮ, ನಾನು ಹೇಳೋದು ಊಹೆ. ಬರೆದಿಟ್ಟೋರು ಯಾರೂ ಇಲ್ಲ. ಶಾಲೆಯಲ್ಲಾಗಿದ್ರೆ ಇಂಥ ಉತ್ತರಕ್ಕೆ ಅರ್ಧ ಮಾರ್ಕು ಕೊಡ್ತಿದ್ದೆ. ಆದರೆ ಆ ಹೆಣ್ಣುಮಗಳು ಮರವನ್ನ ಸುಡದೆ ಇಟ್ಟುಕೊಂಡಿದ್ದು ಇದಕ್ಕೇ ಇರಬೇಕು. ಈ ಮನೆಗೆ ಬಂದೋಳ ಕಾಲು ಯಾವ ಹಿಡಿತದಲ್ಲೂ ಇರಬಾರದು, ಬಿಡಿಸೋಳು ಅತ್ತೆಯೇ ಆಗಿರಬೇಕು ಅಂತ. ಒಂದು ಮಾತಂತೂ ಖಾತ್ರಿ. ನೀವು ಇಷ್ಟು ವರ್ಷ ಅರ್ಧ ಶಾಸ್ತ್ರ ಮಾಡಿದ್ದೀರಿ. ಕೋಳಕ್ಕೆ ಹಾಕೋ ಅರ್ಧ ಉಳೀತು, ಬಿಡಿಸೋ ಅರ್ಧ ಹೋಯ್ತು."

ಅತ್ತೆ ಕುಟ್ಟಾಣಿ ಪಕ್ಕಕ್ಕೆ ಇಟ್ಟು ಗೋಡೆ ಹಿಡಿದು ಎದ್ದರು. "ಏಯ್ ಗಿರ್ಜಾ, ಇಲ್ ಬಾ" ಎಂದು ನನ್ನನ್ನು ಕರೆದು ಹಿತ್ತಲ ಕಡೆ ನಡೆದರು.

ಟೀಚರ್ ಕೊಡೆ ತೆಗೆದುಕೊಂಡರು. "ನಾನಿನ್ನು ಬರ್ತೀನಿ." ಎಲ್ಲಿ ಬಾಯಿ ಮುಚ್ಚಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ, ಎಲ್ಲಿ ಎದ್ದು ಹೋಗಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಹಿತ್ತಲಲ್ಲಿ ನಾವಿಬ್ಬರೇ. ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಅದರ ಸದ್ದು ಮುಗಿಯುವವರೆಗೂ ಅತ್ತೆ ಕಾದರು. ಆಮೇಲೆ, "ಕಾಲಿಡು" ಎಂದರು.

"ಬೇಡ ಅತ್ತೆ. ನೀವು ನನ್ನ ಕಾಲು ಮುಟ್ಟೋದೇ? ನನಗೆ ಪಾಪ ಬರುತ್ತೆ."

"ಪಾಪ ನನ್ ಲೆಕ್ಕಕ್ಕಿರ್ಲಿ. ಇಡೇ ಸುಮ್ಕೆ."

ಇಟ್ಟೆ. ಮರ ತಣ್ಣಗಿತ್ತು. ಅವರಿಗೆ ಬಗ್ಗಲು ಆಗುವುದಿಲ್ಲ. ಬಟ್ಟೆ ಒಗೆಯುವ ಕಲ್ಲು ಹಿಡಿದು ಮೆಲ್ಲಗೆ ನೆಲಕ್ಕೆ ಕೂತರು. ಎರಡೂ ಕೈಯಲ್ಲಿ ನನ್ನ ಹಿಮ್ಮಡಿ ಹಿಡಿದರು. ನನ್ನ ಕಾಲು ಒಡೆದಿತ್ತು, ನನಗೆ ನಾಚಿಕೆಯಾಯಿತು. ಎತ್ತಲು ಅವರಿಗೆ ಶಕ್ತಿಯಿರಲಿಲ್ಲ, ನಾನೇ ಸ್ವಲ್ಪ ಎತ್ತಿಕೊಟ್ಟೆ. "ನೀನ್ ಎತ್ಬೇಡ, ನಾನ್ ಎತ್ಬೇಕು" ಎಂದು ಬೈದರು. ಎತ್ತಿದರು. ಈಚೆಗಿಟ್ಟರು. ಉಸಿರು ಸರಿ ಮಾಡಿಕೊಂಡು ಹೇಳಿದರು, "ಇಡ್ದಿದ್ದು ಬಿಡ್ತು ಕಣವ್ವಾ."

ನನಗೆ ಅವರ ಮೇಲೆ ಇಪ್ಪತ್ತೆಂಟು ವರ್ಷದ ಸಣ್ಣಪುಟ್ಟ ಕೋಪಗಳಿದ್ದವು. ಉಪ್ಪು ಹೆಚ್ಚಾಯಿತು ಎಂದದ್ದು, ತವರಿಗೆ ಕಳಿಸಲು ತಡ ಮಾಡಿದ್ದು, ಅಂಥವು. ಎಲ್ಲವೂ ಹೋದವು ಎಂದರೆ ಸುಳ್ಳು. ಮುಕ್ಕಾಲು ಹೋದವು. ದೇವರ ದಯೆಯಲ್ಲಿ ಮುಕ್ಕಾಲು ಬಹಳ ದೊಡ್ಡದು.

ಅವತ್ತು ಸಂಜೆಯೇ ದೊಡ್ಡಬಳ್ಳಾಪುರಕ್ಕೆ ಫೋನು ಮಾಡಿದೆ. ಯಜಮಾನರನ್ನು ಕೇಳಲಿಲ್ಲ. ಹುಡುಗಿಯ ತಾಯಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಅದು ಕೋಳವೇ, ಟೀಚರ್ ಹೇಳಿದ್ದು ಸರಿಯೇ, ನಾವು ಲಕ್ಷ್ಮಿಯ ಪಾದ ಅಂದುಕೊಂಡದ್ದು ತಪ್ಪು. ಆದರೆ ಶಾಸ್ತ್ರ ಹೀಗಿದೆ, ಎತ್ತುವವಳು ನಾನು. "ಬೇಡ ಅಂದ್ರೆ ಬೇಡ ಅನ್ನಿ, ನಮ್ಮತ್ತೆ ಹತ್ರ ನಾನು ಮಾತಾಡ್ಕೋತೀನಿ. ಆದ್ರೆ ಮಗಳನ್ನ ಒಂದ್ಸಲ ಕೇಳಿ" ಎಂದೆ.

ಆ ಕಡೆಯಿಂದ ಬಂದದ್ದು ಹುಡುಗಿಯ ದನಿ. ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳು.

"ಆಂಟಿ, ಎಲ್ಲರ ಮುಂದೆ ನೀವು ನನ್ನ ಕಾಲು ಹಿಡೀತೀರಾ?"

"ಹಿಡೀತೀನಿ ಮಗಳೇ."

"ನಿಮ್ಮ ಕಡೆಯೋರು ಏನಾದ್ರೂ ಅಂದ್ರೆ?"

"ಅನ್ನಲಿ. ಅವರಿಗೂ ಊಟ ಹಾಕೇ ಕಳಿಸೋದು ತಾನೆ."

ನಕ್ಕಳು. "ಹಾಗಾದ್ರೆ ಇಡ್ತೀನಿ ಆಂಟಿ. ಅಮ್ಮಂಗೆ ನಾನು ಹೇಳ್ತೀನಿ."

ಬೀಗಿತ್ತಿ ಒಪ್ಪಲು ಇನ್ನೂ ನಾಲ್ಕು ದಿನ ಹಿಡಿಯಿತು. ಒಪ್ಪಿದರು. ಮದುವೆಯಾಗಿ ಹುಡುಗಿ ಮನೆಗೆ ಬಂದಳು. ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಾನು ಬಗ್ಗಿದಾಗ ಯಾರೋ "ಇದೇನು ಹೊಸ ಪದ್ಧತಿ, ಅತ್ತೆಯೇ ಸೊಸೆ ಕಾಲಿಗೆ ಬೀಳೋದು?" ಎಂದರು. ಹಿಂದುಗಡೆ ನುಗ್ಗೆಮರದ ಹತ್ತಿರ ನಿಂತಿದ್ದ ಟೀಚರ್, "ಹೊಸದಲ್ಲ ಕಣ್ರೀ, ಎಲ್ಲಕ್ಕಿಂತ ಹಳೇದು" ಎಂದು ಗಟ್ಟಿಯಾಗಿ ಹೇಳಿದರು. ಹೇಳಬೇಡಿ ಎಂದರೂ ಹೇಳುತ್ತಿದ್ದರು. ನಾನು ಎರಡೂ ಕೈಯಲ್ಲಿ ಆ ಪಾದ ಹಿಡಿದೆ. ಎತ್ತಿ ಈಚೆಗಿಟ್ಟು, ಅತ್ತೆ ಕಲಿಸಿದ ಮಾತು ಹೇಳಿದೆ. ಅತ್ತೆ ಎಲ್ಲರಿಗಿಂತ ಮೊದಲು ಅಕ್ಷತೆ ಹಾಕಿದರು. ಅವರ ಹಿಂದೆಯೇ ಬೀಗಿತ್ತಿ ಹಾಕಿದರು.

ಇವತ್ತು ಬೆಳಿಗ್ಗೆ ಫೋನು ಇಟ್ಟವಳು ಕೈ ತೊಳೆದು ಟೀಚರ್ ಮನೆಗೆ ಹೋದೆ. ಮುಖ ಶಾಂತವಾಗಿತ್ತು. ಯಾರೋ ಕನ್ನಡಕ ತೆಗೆದಿದ್ದರು, ಅದಿಲ್ಲದೆ ಬೇರೆ ಯಾರೋ ಅನ್ನಿಸಿತು. ನಾನು ಅಲ್ಲಿರುವಾಗಲೇ ಹುಡುಗರು ತಂದು ಗೇಟಿಗೆ ಕಟ್ಟಿದ ಬ್ಯಾನರಿನಲ್ಲಿ ಶ್ರದ್ಧಾಂಜಲಿ ಎಂಬುದನ್ನೇ ತಪ್ಪು ಬರೆದಿದ್ದರು. ಅವರು ಎದ್ದು ಕೂತು ತಿದ್ದದೇ ಇದ್ದಾಗ ಹೋದದ್ದು ನಿಜ ಎಂದು ನನಗೆ ಗೊತ್ತಾಯಿತು. ಅವತ್ತು ಕಾಫಿ ಕೊಡದೆ ಕಳಿಸಿದ್ದಕ್ಕೆ ಆಮೇಲೆ ಎಷ್ಟೋ ಲೋಟ ಕಾಫಿ ಕೊಟ್ಟಿದ್ದೇನೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಕಾಲು ಮುಟ್ಟಿ ಹೇಳಿ ಬಂದೆ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಸೊಸೆ ಕೆಲಸಕ್ಕೆ ಹೋಗಿದ್ದಳು. ಅತ್ತೆ ಈಗ ಮಂಚ ಬಿಟ್ಟು ಏಳುವುದಿಲ್ಲ, ಕಿವಿ ಮಾತ್ರ ಚುರುಕು. "ಯಾರ್ ಓದ್ರು?" ಎಂದು ಕೇಳಿದರು. ಟೀಚರ್ ಎಂದೆ.

ದಿಂಬಿಗೆ ಒರಗಿಕೊಂಡು, "ಮೊದ್ಲಿಂದ ಏಳಿ ಅಂದಿದ್ಲು" ಎಂದರು. "ನಾನ್ ಉಟ್ಟಿ ಎಂಬತ್ತೈದು ವರ್ಸ್ದಾಗೆ ಅವ್ಳೊಬ್ಳೇ."

ಅವರ ಗಂಜಿಯ ಹೊತ್ತಾಗಿತ್ತು. ರಾಗಿ ಹಿಟ್ಟು ನೀರಿಗೆ ಕಲಸಿ ಒಲೆಯ ಮೇಲಿಟ್ಟು, ಸೌಟು ಆಡಿಸುತ್ತಾ, ಅಡುಗೆಮನೆಯಿಂದಲೇ ಕೇಳಿದೆ, "ಅತ್ತೆ, ನೀವು ಬಂದಾಗ ನಿಮ್ಮ ಕಾಲು ಎತ್ತಿದ್ದು ಯಾರು?"

"ಇನ್ಯಾರು, ನಮ್ಮತ್ತೆ. ಕೆಂಚಮ್ಮ ಅಂತ ಅವ್ಳೆಸ್ರು. ಬಾಯಿ ಬೆಂಕಿ. ಕೈ ಮಾತ್ರ..." ಎಂದು ನಿಲ್ಲಿಸಿದರು. "ಇಲ್ ಬಾ, ಕೂತ್ಕ. ಅಂಗೆ ದೂರದಿಂದ ಏಳಾಕಾಗಾಕಿಲ್ಲ."

"ಬಂದೆ" ಎಂದೆ. ಗಂಜಿ ಕುದಿ ಹಿಡಿಯಿತು. ಉರಿ ಸಣ್ಣ ಮಾಡಿ, ಗಂಟಾಗದಂತೆ ಇನ್ನೆರಡು ಸುತ್ತು ತಿರುವಿದೆ.